ಅಮ್ಮಾ, ಇದು ಯಾಕೆ ಹೀಗೆ?

(ಮಹಿಳಾ ವಿಭಾಗದ ಕಾರ್ಯಕ್ರಮದಲ್ಲಿ ಮಾಡಿದ ಭಾಷಣದ ಬರಹರೂಪ)



ಫೆಬ್ರವರಿ 28 ರಾಷ್ಟ್ರೀಯ ವಿಜ್ಞಾನ ದಿನ. ಮಾರ್ಚ್ 8 ಅಂತರರಾಷ್ಟ್ರೀಯ ಮಹಿಳಾ ದಿನ. ಎರಡರ ನಡುವಿನ ಭಾನುವಾರ ಈ ಕಾರ್ಯಕ್ರಮ ಇಟ್ಟುಕೊಂಡು, ಮಕ್ಕಳಿಗೆ ವಿಜ್ಞಾನ ಹೇಳುವುದು ಹೇಗೆ ಎಂಬ ಬಗ್ಗೆ ಮಾತಾಡಿ ಎಂದು ನನ್ನನ್ನು ಕರೆದಿದ್ದೀರಿ. ನಾನು ವಿಜ್ಞಾನಿಯಲ್ಲ. ಮುಂಬಯಿಯಲ್ಲಿ ಮೊದಲು ಕನ್ನಡ ಮಾಧ್ಯಮದ ಶಾಲೆಯಲ್ಲಿ, ಆಮೇಲೆ ಇಂಗ್ಲಿಷ್ ಮಾಧ್ಯಮದ ಶಾಲೆಯಲ್ಲಿ ಐದರಿಂದ ಎಂಟನೇ ತರಗತಿಯವರೆಗಿನ ಮಕ್ಕಳಿಗೆ 31 ವರ್ಷ ವಿಜ್ಞಾನ ಕಲಿಸಿದವಳು. ಈಗ ನಿವೃತ್ತಳಾಗಿ, ಆರು ವರ್ಷದ ಮೊಮ್ಮಗಳ ಮುಂದೆ ದಿನವೂ ಪರೀಕ್ಷೆಗೆ ಕೂರುತ್ತಿದ್ದೇನೆ. ಅವಳ ಪ್ರಶ್ನೆಪತ್ರಿಕೆಗೆ ಸಿಲಬಸ್ ಇಲ್ಲ.

ಮೊದಲು ಒಂದು ಲೆಕ್ಕ ಹೇಳುತ್ತೇನೆ. ಲಂಡನ್ನಿನಲ್ಲಿ ಬಾರ್ಬರಾ ಟಿಜಾರ್ಡ್ ಮತ್ತು ಮಾರ್ಟಿನ್ ಹ್ಯೂಸ್ ಎಂಬ ಇಬ್ಬರು ಸಂಶೋಧಕರು ನಾಲ್ಕರ ಆಸುಪಾಸಿನ 30 ಹೆಣ್ಣುಮಕ್ಕಳ ಮಾತುಗಳನ್ನು ಧ್ವನಿಮುದ್ರಿಸಿಕೊಂಡರು. ಬೆಳಿಗ್ಗೆ ನರ್ಸರಿಯಲ್ಲಿ, ಮಧ್ಯಾಹ್ನ ಮನೆಯಲ್ಲಿ ಅಮ್ಮನ ಜೊತೆ. 1984ರಲ್ಲಿ ಅದು ಪುಸ್ತಕವಾಗಿ ಬಂತು. ಮನೆಯಲ್ಲಿ ಆ ಮಕ್ಕಳು ಗಂಟೆಗೆ ಸರಾಸರಿ 26 ಪ್ರಶ್ನೆ ಕೇಳುತ್ತಿದ್ದರು. ಶಾಲೆಯಲ್ಲಿ? ಗಂಟೆಗೆ ಎರಡು! ಅದೇ ಮಗು, ಅದೇ ದಿನ. ಅದರಲ್ಲೂ ಕೂಲಿಕಾರರ ಮನೆಯ ತಾಯಂದಿರ ಜೊತೆಗಿನ ಮಾತುಕತೆ, ತರಬೇತಿ ಪಡೆದ ಟೀಚರ್ ಜೊತೆಗಿನ ಮಾತಿಗಿಂತ ಹೆಚ್ಚು ಸತ್ವದ್ದಾಗಿತ್ತು ಎಂದು ಅವರು ಬರೆದರು.

ಟೀಚರ್ ಆಗಿದ್ದವಳು ನಾನೇ ಇದನ್ನು ಹೇಳುತ್ತಿದ್ದೇನೆ. ತರಗತಿಯಲ್ಲಿ 50 ಮಕ್ಕಳು, 35 ನಿಮಿಷ, ಮುಗಿಸಬೇಕಾದ ಪಾಠ. ಅಲ್ಲಿ ಪ್ರಶ್ನೆ ಕೇಳುವುದು ಹೆಚ್ಚಾಗಿ ಟೀಚರ್, ಉತ್ತರ ಹೇಳುವುದು ಮಗು. ಪ್ರಶ್ನೆ ಮಗುವಿನದಾಗಿರುವ ಜಾಗ ಮನೆಯೊಂದೇ. ಆದ್ದರಿಂದ 'ನನಗೆ ವಿಜ್ಞಾನ ಗೊತ್ತಿಲ್ಲ, ಟ್ಯೂಷನ್ನಿಗೆ ಹಾಕಿದ್ದೇವೆ' ಎಂದು ಯಾರೂ ಹೇಳಬೇಡಿ. ಟ್ಯೂಷನ್ನಿನಲ್ಲಿ ಉತ್ತರ ಸಿಗುತ್ತದೆ. ಪ್ರಶ್ನೆ ಹುಟ್ಟುವುದು ನಿಮ್ಮ ಒಲೆಯ ಪಕ್ಕದಲ್ಲಿ.

ಹುಟ್ಟಿದ ಪ್ರಶ್ನೆ ಸಾಯುವುದು ಹೇಗೆ? ಮೂರು ದಾರಿ ಇವೆ. ಮೊದಲನೆಯದು ನಮಗೆಲ್ಲ ಗೊತ್ತು: 'ಸುಮ್ನಿರು, ತಲೆ ತಿನ್ಬೇಡ.' ಎರಡನೆಯದು ಇತ್ತೀಚಿನದು: ಮೊಬೈಲ್ ಕೈಗೆ ಕೊಟ್ಟು 'ಅದನ್ನೇ ಕೇಳು' ಎನ್ನುವುದು. ಮೂರನೆಯದು ಸಭ್ಯವಾಗಿ ಕಾಣುತ್ತದೆ, ಅದಕ್ಕೇ ಹೆಚ್ಚು ಅಪಾಯ: ಒಂದು ದೊಡ್ಡ ಪದ ಹೇಳಿ ಮುಗಿಸುವುದು.

'ಹಣ್ಣು ಯಾಕೆ ಕೆಳಗೆ ಬೀಳುತ್ತೆ?'
'ಗ್ರ್ಯಾವಿಟಿ.'

ಮಗು ಸುಮ್ಮನಾಗುತ್ತದೆ. ಅರ್ಥವಾಯಿತು ಎಂದು ನಾವು ತಿಳಿಯುತ್ತೇವೆ. ಅದು ಸುಮ್ಮನಾದದ್ದು ಅರ್ಥವಾಗಿ ಅಲ್ಲ, ಇನ್ನು ಕೇಳುವಂತಿಲ್ಲ ಎಂದು. ಕನ್ನಡದಲ್ಲಿ ಗುರುತ್ವಾಕರ್ಷಣೆ ಎಂದರೂ ಅಷ್ಟೇ. ಪಕ್ಕದ ಮನೆಗೆ ಬಂದವರು ಯಾರು ಎಂದು ಕೇಳಿದಾಗ 'ಸುಬ್ಬಣ್ಣ' ಎಂದ ಹಾಗೆ. ಹೆಸರು ತಿಳಿಯಿತು, ಮನುಷ್ಯ ತಿಳಿಯಲಿಲ್ಲ.

ಹೆಸರು ಬೇಡ ಎನ್ನುತ್ತಿಲ್ಲ. ಹೆಸರು ಆಮೇಲೆ ಬರಲಿ. ಮೊದಲು ಒಂದು ಆಲೂಗಡ್ಡೆ, ಒಂದು ನಿಂಬೆಹಣ್ಣು ಮಗುವಿನ ಕೈಗೆ ಕೊಡಿ. 'ಎರಡನ್ನೂ ಒಟ್ಟಿಗೆ ಬಿಟ್ಟರೆ ಯಾವುದು ಮೊದಲು ನೆಲ ಮುಟ್ಟುತ್ತೆ?' ಎಂದು ಕೇಳಿ. ಭಾರದ್ದು ಎಂದೇ ಹೇಳುತ್ತದೆ. ಬಿಡಲಿ. ಎರಡೂ ಒಟ್ಟಿಗೇ ಬೀಳುತ್ತವೆ. ನಂಬಿಕೆ ಬಾರದೆ ಹತ್ತು ಸಲ ಬಿಡುತ್ತದೆ, ಬಿಡಲಿ. ಆಮೇಲೆ ಒಂದು ಹಾಳೆ ಕೊಡಿ. ಅದು ತೇಲುತ್ತಾ ಬೀಳುತ್ತದೆ. ಅದೇ ಹಾಳೆಯನ್ನು ಮುದ್ದೆ ಮಾಡಿ ಬಿಟ್ಟರೆ ಧಪ್ಪನೆ ಬೀಳುತ್ತದೆ. ತೂಕ ಅದೇ, ಬದಲಾದದ್ದು ಆಕಾರ. ಹಾಗಾದರೆ ಹಾಳೆಯನ್ನು ತಡೆದದ್ದು ಯಾರು? ಗಾಳಿ! ಇದು ಮಗುವೇ ಕಂಡುಕೊಂಡ ಮಾತು. ಇನ್ನು ನೀವು ಗುರುತ್ವಾಕರ್ಷಣೆ ಎಂಬ ಹೆಸರು ಕೊಟ್ಟರೆ ಅದು ಹಿಡಿದುಕೊಳ್ಳುತ್ತದೆ.

ನಾನು ಇಂದು ಹೇಳಬೇಕೆಂದು ಬಂದಿರುವುದು ಇಷ್ಟೇ: ಮಗುವಿಗೆ ಕೊಡಬಹುದಾದ ಒಳ್ಳೆಯ ಉತ್ತರ ಎಂದರೆ, ಅದು ತನ್ನ ಕೈಯಿಂದಲೇ ಪರೀಕ್ಷಿಸಿ ನೋಡಬಹುದಾದ ಉತ್ತರ.

ಇನ್ನೊಂದು ವಿಷಯ. ಮಗುವಿನ ತಲೆ ಖಾಲಿ ಡಬ್ಬಿಯಲ್ಲ. ನಾವು ಹೇಳುವ ಮೊದಲೇ ಅದರೊಳಗೆ ಅದರದೇ ವಿವರಣೆ ಇರುತ್ತದೆ. 1992ರಲ್ಲಿ ವೊಸ್ನಿಯಾಡು ಮತ್ತು ಬ್ರೂವರ್ ಎಂಬ ಸಂಶೋಧಕರು ಅಮೆರಿಕದ 60 ಶಾಲಾಮಕ್ಕಳನ್ನು ಭೂಮಿಯ ಆಕಾರದ ಬಗ್ಗೆ ಕೇಳಿದರು. 'ಭೂಮಿ ಗುಂಡಗಿದೆ' ಎಂದು ಹೇಳುವ ಮಕ್ಕಳನ್ನೇ ಮತ್ತಷ್ಟು ಕೆದಕಿದಾಗ ತಮಾಷೆಯ ಸಂಗತಿ ಹೊರಬಂತು. ಕೆಲವರ ಭೂಮಿ ದೋಸೆಯಂತೆ ಗುಂಡಗೆ. ಕೆಲವರದು ಟೊಳ್ಳು ಚೆಂಡು, ನಾವೆಲ್ಲ ಅದರ ಒಳಗೆ ಚಪ್ಪಟೆ ನೆಲದ ಮೇಲೆ ನಿಂತಿದ್ದೇವೆ. ಇನ್ನು ಕೆಲವರಿಗೆ ಎರಡು ಭೂಮಿ: ನಾವು ನಿಂತಿರುವುದು ಒಂದು, ಟೀಚರ್ ಹೇಳುವ ಗುಂಡು ಭೂಮಿ ಆಕಾಶದಲ್ಲಿ ಇನ್ನೊಂದು. ಪರೀಕ್ಷೆಯಲ್ಲಿ ಈ ಮಕ್ಕಳಿಗೆಲ್ಲ ಪೂರ್ತಿ ಮಾರ್ಕ್ಸ್ ಸಿಗುತ್ತಿತ್ತು!

ಆದ್ದರಿಂದ ಉತ್ತರ ಹೇಳುವ ಮೊದಲು 'ನಿನಗೇನನ್ನಿಸುತ್ತೆ ಪುಟ್ಟಾ?' ಎಂದು ಕೇಳಿ. ಮೊಮ್ಮಗಳು ಲೋಕಲ್ ಟ್ರೈನಿನಲ್ಲಿ ಕಿಟಕಿಗೆ ಮೂಗು ಒತ್ತಿಕೊಂಡು ಕೇಳಿದಳು: 'ಅಜ್ಜೀ, ಚಂದ್ರ ಯಾಕೆ ನಮ್ಮ ಜೊತೇನೇ ಬರ್ತಾನೆ?'

'ನಿನಗೇನನ್ನಿಸುತ್ತೆ?'

'ಅವನಿಗೂ ಬೊರಿವಲಿಗೆ ಹೋಗ್ಬೇಕು ಅನ್ಸುತ್ತೆ.'

ಎದುರಿನ ಸೀಟಿನ ಹೆಂಗಸರೆಲ್ಲ ನಕ್ಕರು. ನಾನು ಹೇಳಿದೆ, 'ಸರಿ. ಹಾಗಾದ್ರೆ ಹಳಿ ಪಕ್ಕದ ಕಂಬ ನೋಡು. ಅದು ಎಷ್ಟು ಬೇಗ ಹಿಂದೆ ಹೋಗುತ್ತೆ? ದೂರದ ಆ ಕಟ್ಟಡ? ಅದಕ್ಕೂ ಆಚೆಗಿನ ಗುಡ್ಡ?' ಕಂಬ ಸರ್ರನೆ, ಕಟ್ಟಡ ನಿಧಾನ, ಗುಡ್ಡ ಇನ್ನೂ ನಿಧಾನ ಎಂದು ಅವಳೇ ಹೇಳಿದಳು. ಎರಡು ಸ್ಟೇಷನ್ ದಾಟಿದ ಮೇಲೆ, 'ಚಂದ್ರ ಗುಡ್ಡಕ್ಕಿಂತ ದೂರಾನಾ?' ಎಂದಳು. ಚಂದ್ರ ಇರುವುದು ಸುಮಾರು 3,84,000 ಕಿಲೋಮೀಟರ್ ದೂರದಲ್ಲಿ. ಅಷ್ಟು ದೂರದ್ದು ನಮ್ಮ ಇಪ್ಪತ್ತು ಮೂವತ್ತು ಕಿಲೋಮೀಟರ್ ಪ್ರಯಾಣಕ್ಕೆ ಹಿಂದೆ ಸರಿಯುವುದೇ ಇಲ್ಲ. ಹಿಂದೆ ಸರಿಯದ್ದು ಜೊತೆಗೆ ಬಂದಂತೆ ಕಾಣುತ್ತದೆ. ಆ ಅಂಕಿ ಅವಳಿಗೆ ನೆನಪಿರಲಿಕ್ಕಿಲ್ಲ. ಕಂಬ, ಕಟ್ಟಡ, ಗುಡ್ಡ ನೆನಪಿರುತ್ತದೆ.

ಎಲ್ಲ ಉತ್ತರವೂ ಎರಡು ಸ್ಟೇಷನ್ನಿನೊಳಗೆ ಸಿಗುವುದಿಲ್ಲ. ದಾದರ್ ಚೌಪಾಟಿಯಲ್ಲಿ ಮಗು 'ನಿನ್ನೆ ಇದ್ದ ಸಮುದ್ರ ಎಲ್ಲಿಗೆ ಹೋಯ್ತು?' ಎಂದರೆ ಉಬ್ಬರವಿಳಿತದ ಪಾಠ ಶುರುಮಾಡಬೇಕಿಲ್ಲ. ಭರತಿ ಎಷ್ಟು ಹೊತ್ತಿಗೆ ಎಂದು ಇಲ್ಲಿನ ಪತ್ರಿಕೆಗಳಲ್ಲಿ ಬರುತ್ತದೆ. ಒಂದು ವಾರ ಮಗುವಿನಿಂದಲೇ ಕ್ಯಾಲೆಂಡರಿನ ಮೇಲೆ ಬರೆಸಿ. ದಿನಕ್ಕೆ ಸುಮಾರು 50 ನಿಮಿಷ ತಡವಾಗುವುದು ಅದಕ್ಕೇ ಕಾಣುತ್ತದೆ. ಪಕ್ಕದಲ್ಲಿ ಚಂದ್ರ ಹುಟ್ಟುವ ಹೊತ್ತನ್ನೂ ಬರೆಸಿ. ಅವನೂ ದಿನಕ್ಕೆ ಹೆಚ್ಚುಕಡಿಮೆ ಅಷ್ಟೇ ತಡ! ಇಬ್ಬರಿಗೂ ಏನೋ ಸಂಬಂಧವಿದೆ ಎಂಬ ಅನುಮಾನ ಮಗುವಿಗೇ ಬರಲಿ. 'ನನಗೂ ಗೊತ್ತಿಲ್ಲ, ಬಾ ನೋಡೋಣ' ಎಂದು ಹೇಳುವ ತಾಯಿ ಚಿಕ್ಕವಳಾಗುವುದಿಲ್ಲ. ವಿಜ್ಞಾನಿಗಳು ಬದುಕಿನುದ್ದಕ್ಕೂ ಹೇಳುವ ಮಾತೇ ಅದು.

ಸಮುದ್ರದ ಮಾತು ಬಂದದ್ದಕ್ಕೆ ಹೇಳುತ್ತೇನೆ. 1921ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನಿಂದ ಬಂದ ನಾರ್ಕುಂಡಾ ಎಂಬ ಹಡಗು ನಮ್ಮ ಮುಂಬಯಿ ಬಂದರಿಗೆ ತಲುಪಿತು. ಅದರಲ್ಲಿ 32 ವರ್ಷದ ಸಿ. ವಿ. ರಾಮನ್ ಇದ್ದರು. ಮೆಡಿಟರೇನಿಯನ್ ಸಮುದ್ರದ ನೀಲಿ ಕಂಡು ಮಕ್ಕಳು ಕೇಳುವ ಪ್ರಶ್ನೆಯನ್ನೇ ಕೇಳಿಕೊಂಡವರು: ಸಮುದ್ರ ಯಾಕೆ ನೀಲಿ? ಅದು ಆಕಾಶದ ಪ್ರತಿಬಿಂಬ ಎಂದು ದೊಡ್ಡ ವಿಜ್ಞಾನಿ ರ್‍ಯಾಲೆ ಹೇಳಿಯಾಗಿತ್ತು. ರಾಮನ್ ಅಷ್ಟಕ್ಕೆ ಬಿಡಲಿಲ್ಲ. ಜೊತೆಯಲ್ಲಿದ್ದ ಪುಟ್ಟ ಪಟ್ಟಕದಿಂದ ಪ್ರತಿಬಿಂಬದ ಬೆಳಕನ್ನು ತಡೆದು ನೋಡಿದರು. ನೀಲಿ ಮಾಯವಾಗಲಿಲ್ಲ, ಇನ್ನೂ ಗಾಢವಾಯಿತು. ಅಂದರೆ ಆ ನೀಲಿ ನೀರಿನೊಳಗಿನಿಂದಲೇ ಬರುತ್ತಿದೆ. ಮುಂಬಯಿ ಬಂದರಿನಿಂದಲೇ ಅದನ್ನು ಬರೆದು 'ನೇಚರ್' ಪತ್ರಿಕೆಗೆ ಕಳಿಸಿದರು. ಆ ಪ್ರಶ್ನೆಯ ಬೆನ್ನು ಹತ್ತಿ ಹೋದದ್ದೇ 1928ರ ಫೆಬ್ರವರಿ 28ರ ಶೋಧಕ್ಕೆ, 1930ರ ನೊಬೆಲ್ ಪ್ರಶಸ್ತಿಗೆ ಮುಟ್ಟಿತು.

ಇಷ್ಟು ಹೇಳಿ ಮುಗಿಸಿದರೆ ಮಹಿಳಾ ವಿಭಾಗದಲ್ಲಿ ಅರ್ಧ ಕತೆ ಹೇಳಿದಂತೆ. 1933ರಲ್ಲಿ ಮುಂಬಯಿಯ ಪದವೀಧರೆ ಕಮಲಾ ಭಾಗವತ್, ಮರಾಠಿ ಲೇಖಕಿ ದುರ್ಗಾ ಭಾಗವತರ ಸೋದರಿ, ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಗೆ, ಅರ್ಜಿ ಹಾಕಿದರು. ಆಗ ಅದರ ನಿರ್ದೇಶಕರು ಇದೇ ರಾಮನ್. ಹೆಣ್ಣು ಎಂಬ ಕಾರಣಕ್ಕೆ ಬೇಡ ಎಂದರು. ಆ ಹುಡುಗಿ ಪಟ್ಟು ಬಿಡಲಿಲ್ಲ. ಕೊನೆಗೆ ಒಂದು ವರ್ಷ ಪರೀಕ್ಷಾರ್ಥವಾಗಿ ಎಂಬ ಷರತ್ತಿನ ಮೇಲೆ ಸೇರಿಸಿಕೊಂಡರು. ಅವರ ಕೆಲಸ ನೋಡಿದ ಮೇಲೆ ಹೆಣ್ಣುಮಕ್ಕಳಿಗೆ ಆ ಬಾಗಿಲು ತೆರೆಯಿತು. ಕಮಲಾ ಮುಂದೆ ಕೇಂಬ್ರಿಜ್ಜಿಗೆ ಹೋಗಿ, ನಮ್ಮ ನಿಮ್ಮ ಅಡುಗೆಮನೆಯ ಆಲೂಗಡ್ಡೆಯಿಂದ ಶುರುಮಾಡಿ, ಸಸ್ಯಗಳಲ್ಲೂ ಸೈಟೋಕ್ರೋಮ್ ಸಿ ಎಂಬ ಪ್ರೋಟೀನ್ ಇದೆ ಎಂದು ತೋರಿಸಿ, 1939ರಲ್ಲಿ ಡಾಕ್ಟರೇಟ್ ಪಡೆದರು. ಅವರೇ ಕಮಲಾ ಸೊಹೋನಿ. ಮುಂದೆ ಮುಂಬಯಿಯ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸಿನ ನಿರ್ದೇಶಕಿಯೂ ಆದರು. ಸಮುದ್ರವನ್ನು ಪ್ರಶ್ನಿಸಿದ ಮಹಾನುಭಾವರೂ ಒಬ್ಬ ಹುಡುಗಿಗೆ 'ಬೇಡ' ಎಂದಿದ್ದರು ಎನ್ನುವುದನ್ನು ನೆನಪಿಡೋಣ. ನಮ್ಮ ಮನೆಯ ಹುಡುಗಿಗೆ 'ಬೇಡ' ಎನ್ನುವವರು ಯಾರು ಎಂದೂ ನೋಡಿಕೊಳ್ಳೋಣ.

ಇಲ್ಲಿ ನನ್ನ ಶಾಲೆಯ ಒಬ್ಬ ಹುಡುಗಿಯ ಬಗ್ಗೆ ಹೇಳಬೇಕು. ಏಳನೇ ತರಗತಿ. ಎಲ್ಲರೂ ಹೋದ ಮೇಲೆ ಬಾಗಿಲ ಬಳಿ ನಿಂತಿದ್ದಳು. ತುಂಬಾ ಹೊತ್ತು ತಡವರಿಸಿ ಕೇಳಿದಳು: 'ಟೀಚರ್, ಆ ದಿನಗಳಲ್ಲಿ ನಾನು ಉಪ್ಪಿನಕಾಯಿ ಮುಟ್ಟಿದ್ರೆ ಕೆಟ್ಟುಹೋಗುತ್ತಂತೆ. ನಿಜಾನಾ?'

'ಇಲ್ಲ' ಎಂದೆ. 'ನಾನು ಹೇಳಿದ್ದು ನಂಬ್ತೀಯಾ?'

'ನಾನು ನಂಬ್ತೀನಿ. ನಮ್ಮ ಅಜ್ಜಿ ನಂಬಲ್ಲ.'

'ಹಾಗಾದ್ರೆ ಅಜ್ಜಿಗೆ ಹೇಳೋದು ಬೇಡ, ತೋರಿಸೋಣ.'

ಅವಳ ತಾಯಿ ಮನೆಮನೆಗೆ ಅಡುಗೆಗೆ ಹೋಗುವವರು. ಅವರು ಮುಂದೆ ನಿಂತು ಅತ್ತೆಯನ್ನು ಒಪ್ಪಿಸಿದರು. ಒಂದೇ ಭರಣಿಯ ಉಪ್ಪಿನಕಾಯಿಯನ್ನು ಮೂರು ಸಣ್ಣ ಬಾಟಲಿಗಳಿಗೆ ಹಾಕಿದರು. ಒಂದನೆಯದು ಅಜ್ಜಿ ಮಾತ್ರ ಒಣ ಚಮಚದಿಂದ ತೆಗೆಯುವುದು. ಎರಡನೆಯದು ಹುಡುಗಿ, ಆ ದಿನಗಳಲ್ಲೂ, ಒಣ ಚಮಚದಿಂದಲೇ ತೆಗೆಯುವುದು. ಮೂರನೆಯದಕ್ಕೆ ಒದ್ದೆ ಚಮಚ. ಮೂರಕ್ಕೂ ನಂಬರ್ ಚೀಟಿ. ಜುಲೈ ತಿಂಗಳು, ಮುಂಬಯಿಯ ಮಳೆ. ಬೂಷ್ಟು ಹಿಡಿಯಲು ಅದಕ್ಕಿಂತ ಒಳ್ಳೆಯ ಕಾಲ ಬೇಕೇ? ತಿಂಗಳು ಕಳೆದ ಮೇಲೆ ಮೂರನೆಯದರ ಮೇಲೆ ಬಿಳಿ ಬೂಷ್ಟು. ಮೊದಲನೆಯದಕ್ಕೂ ಎರಡನೆಯದಕ್ಕೂ ಏನೂ ವ್ಯತ್ಯಾಸವಿಲ್ಲ.

ಅಜ್ಜಿ ಬಾಟಲಿಗಳನ್ನು ಬೆಳಕಿಗೆ ಹಿಡಿದು ನೋಡಿದರಂತೆ, ಮೂಸಿದರಂತೆ. ಆಮೇಲೆ 'ಚಮಚ ಒದ್ದೆ ಇರಬಾರದು, ಅಷ್ಟೇ' ಎಂದರಂತೆ. ಅಂದಿನಿಂದ ಉಪ್ಪಿನಕಾಯಿ ತೆಗೆಯುವ ಕೆಲಸ ಆ ಹುಡುಗಿಯದೇ ಆಯಿತು. ನಾನು ಆ ಮನೆಗೆ ಹೋಗಿ ಎರಡು ಗಂಟೆ ಭಾಷಣ ಮಾಡಿದ್ದರೂ ಇದು ಆಗುತ್ತಿರಲಿಲ್ಲ. ಅಲ್ಲಿ ಗೆದ್ದದ್ದು ಮೊಮ್ಮಗಳಲ್ಲ, ಸೋತದ್ದು ಅಜ್ಜಿಯಲ್ಲ. ಅನುಭವಸ್ಥ ಅಜ್ಜಿ ಕಣ್ಣಿಗೆ ಕಂಡದ್ದನ್ನು ಒಪ್ಪಿಕೊಂಡರು. ಹಾಗೆ ಒಪ್ಪಿಕೊಳ್ಳುವುದೇ ವಿಜ್ಞಾನ.

ಮರುವಾರ ಆ ತಾಯಿ ಶಾಲೆಗೆ ಬಂದು, 'ನಾನು ಓದಿದವಳಲ್ಲ ಟೀಚರ್, ಇವಳು ಕೇಳಿದ್ದಕ್ಕೆಲ್ಲ ಏನು ಹೇಳಲಿ?' ಎಂದರು. ನಾನು ಕೇಳಿದೆ: 'ಬಿಳಿ ಬಟ್ಟೆಗೆ ಅರಿಶಿನ ಹತ್ತಿದರೆ ಸಾಬೂನು ಹಾಕಿದಾಗ ಏನಾಗುತ್ತೆ?' 'ಕೆಂಪಾಗುತ್ತೆ.' 'ಆರತಿಗೆ ಕೆಂಪು ನೀರು ಹೇಗೆ ಮಾಡ್ತೀರಿ?' 'ಅರಿಶಿನಕ್ಕೆ ಚೂರು ಸುಣ್ಣ.' 'ಆ ಕೆಂಪು ನೀರಿಗೆ ನಿಂಬೆರಸ ಹಿಂಡಿದ್ರೆ?' ಅದು ಅವರಿಗೆ ಗೊತ್ತಿರಲಿಲ್ಲ. ಅಲ್ಲೇ ಸ್ಟಾಫ್‌ರೂಮಿನ ಸ್ಟೀಲ್ ಲೋಟದಲ್ಲಿ ಮಾಡಿ ನೋಡಿದೆವು. ಕೆಂಪು ಹೋಗಿ ಮತ್ತೆ ಹಳದಿ! ತಾಯಿ ಮಗಳು ಇಬ್ಬರೂ ಒಂದೇ ಸಲ 'ಅಯ್ಯೋ!' ಎಂದರು. ಸಾಬೂನು, ಸುಣ್ಣ ಒಂದು ಗುಂಪು. ನಿಂಬೆ, ಹುಣಸೆ ಇನ್ನೊಂದು ಗುಂಪು. ಅರಿಶಿನ ನಡುವೆ ಕೂತು ಯಾರು ಬಂದರೆಂದು ಬಣ್ಣದಲ್ಲಿ ಹೇಳುತ್ತದೆ. ಪುಸ್ತಕದಲ್ಲಿ ಇದರ ಹೆಸರು ಕ್ಷಾರ, ಆಮ್ಲ, ಸೂಚಕ. ಆ ತಾಯಿಗೆ ಹೆಸರಷ್ಟೇ ಗೊತ್ತಿರಲಿಲ್ಲ. (ಸುಣ್ಣ ಮಾತ್ರ ದೊಡ್ಡವರೇ ಹಾಕಬೇಕು, ಮಕ್ಕಳ ಕಣ್ಣಿಗೆ ತಾಗಬಾರದು.)

ಹೀಗೆ ವಿಜ್ಞಾನ ಹೇಳಿಕೊಡುವುದು ಹೆಂಗಸರಿಗೆ ಹೊಸದೇನಲ್ಲ. 1806ರ ಹೊತ್ತಿಗೆ ಲಂಡನ್ನಿನ ಜೇನ್ ಮಾರ್ಸೆಟ್ ಎಂಬಾಕೆ ರಸಾಯನಶಾಸ್ತ್ರದ ಪುಸ್ತಕವೊಂದನ್ನು ಬರೆದರು. ಅದು ಒಬ್ಬ ಶಿಕ್ಷಕಿಯೂ ಇಬ್ಬರು ಹುಡುಗಿಯರೂ ಕೂತು ಮಾತಾಡುವ ಪುಸ್ತಕ. ಮೊದಲ ಮುದ್ರಣಗಳಲ್ಲಿ ಆಕೆಯ ಹೆಸರೇ ಇರಲಿಲ್ಲ. ಪುಸ್ತಕಕ್ಕೆ ರಟ್ಟು ಕಟ್ಟುವ ಅಂಗಡಿಯಲ್ಲಿ ಕೆಲಸಕ್ಕಿದ್ದ ಕಮ್ಮಾರನ ಮಗನೊಬ್ಬ ಅದನ್ನು ಓದಿ ರಸಾಯನಶಾಸ್ತ್ರಕ್ಕೆ ಮನಸೋತ. ಅವನೇ ಮೈಕಲ್ ಫ್ಯಾರಡೆ. ಮುಂದೆ ಅದೇ ಫ್ಯಾರಡೆ ಮಕ್ಕಳನ್ನು ಕೂರಿಸಿಕೊಂಡು, ಒಂದು ಮೇಣದಬತ್ತಿಯನ್ನಷ್ಟೇ ಹಚ್ಚಿಟ್ಟು, ಆರು ಉಪನ್ಯಾಸ ಕೊಟ್ಟರು. ಅದು ಈಗಲೂ ಪುಸ್ತಕವಾಗಿ ಸಿಗುತ್ತದೆ.

ಕೊನೆಯದಾಗಿ ಭಾಷೆಯ ಮಾತು. ಇದು ಕನ್ನಡ ಸಂಘ, ಹೇಳದೆ ಹೋಗಲಾರೆ. ನಮ್ಮ ಮಕ್ಕಳು ಶಾಲೆಯಲ್ಲಿ ಇಂಗ್ಲಿಷ್, ಕೆಳಗೆ ಆಟಕ್ಕೆ ಹೋದಾಗ ಹಿಂದಿ, ಮರಾಠಿ ಮಾತಾಡುತ್ತಾರೆ. ಕನ್ನಡ ಯಾವಾಗ? 'ಊಟಕ್ಕೆ ಬಾ', 'ಬೇಗ ಮಲಗು', 'ಹೊಡೀತೀನಿ ನೋಡು.' ಊಟಕ್ಕೂ ಬೈಗುಳಕ್ಕೂ ಮಾತ್ರ ಉಳಿದ ಭಾಷೆಯಲ್ಲಿ ಯಾವ ಮಗು ಯೋಚನೆ ಮಾಡೀತು? ಪ್ರಶ್ನೆ ಕನ್ನಡದಲ್ಲಿ ಹುಟ್ಟಿದಾಗ ಕನ್ನಡದಲ್ಲೇ ಮುಂದುವರಿಸಿ. 'ನಮ್ಮ ಭಾಷೆಯಲ್ಲಿ ವಿಜ್ಞಾನಕ್ಕೆ ಪದಗಳಿಲ್ಲ' ಎನ್ನಬೇಡಿ. ಕೇಳಿ: ಬಟ್ಟೆ ಒಣಗಿತು. ಕೆರೆ ಬತ್ತಿತು. ಮಳೆನೀರು ಇಂಗಿತು. ಅನ್ನ ಆರಿತು. ಹಾಲು ಹೆಪ್ಪಾಯಿತು. ಹಿಟ್ಟು ಹುದುಗು ಬಂತು. ನೀರು ಎಲ್ಲಿಗೆ ಹೋಯಿತು, ಮೇಲಕ್ಕೋ ಕೆಳಕ್ಕೋ ಎಂಬುದನ್ನು ನಮ್ಮ ಅಜ್ಜಿಯಂದಿರು ಒಂದೊಂದು ಕ್ರಿಯಾಪದದಲ್ಲೇ ಹೇಳಿಬಿಟ್ಟಿದ್ದಾರೆ. ಇಂಗುವುದಕ್ಕೂ ಬತ್ತುವುದಕ್ಕೂ ವ್ಯತ್ಯಾಸ ತಿಳಿದ ಮಗು ಅರ್ಧ ಭೂಗೋಳ ಕಲಿತಂತೆ. ಕೋಟದ ಶಿವರಾಮ ಕಾರಂತರು ಒಬ್ಬರೇ ಕೂತು ಮಕ್ಕಳಿಗಾಗಿ 'ಬಾಲ ಪ್ರಪಂಚ' ಎಂಬ ಮೂರು ಸಂಪುಟ ಬರೆದದ್ದು ಇದೇ ಕನ್ನಡದಲ್ಲಿ. ಅಷ್ಟು ದೊಡ್ಡ ಕೆಲಸ ನಮ್ಮಿಂದ ಆಗದು. ಒಂದು ಪ್ರಶ್ನೆಯ ಜೊತೆ ಹತ್ತು ನಿಮಿಷ ಕೂರುವುದು ಆಗುತ್ತದೆ.

ಸಂಘದ ಮುಂದೆ ಮೂರು ಕೋರಿಕೆ ಇಟ್ಟು ಮುಗಿಸುತ್ತೇನೆ. ಪ್ರತಿ ಮನೆಯಲ್ಲಿ ಒಂದು 'ಯಾಕೆ' ಪುಸ್ತಕ ಇರಲಿ, 100 ಪುಟದ ನೋಟ್‌ಬುಕ್ ಸಾಕು. ಮಗು ಕೇಳಿದ ಪ್ರಶ್ನೆಯನ್ನು ತಾರೀಖು ಹಾಕಿ ಬರೆದಿಡಿ, ಉತ್ತರ ನಿಧಾನವಾಗಿ ಬರಲಿ. ಎರಡನೆಯದು, ವರ್ಷಕ್ಕೊಮ್ಮೆ ಪಿಕ್ನಿಕ್ ಮಾಡುತ್ತೇವಲ್ಲ, ಒಂದು ವರ್ಷ ಮಕ್ಕಳನ್ನು ವರ್ಲಿಯ ನೆಹರು ವಿಜ್ಞಾನ ಕೇಂದ್ರಕ್ಕೂ ತಾರಾಲಯಕ್ಕೂ ಕರೆದೊಯ್ಯೋಣ. ಅಲ್ಲಿನ ವಸ್ತುಗಳನ್ನು ಮುಟ್ಟಿ ತಿರುಗಿಸಿ ನೋಡಬಹುದು. ಮೂರನೆಯದು, ತಿಂಗಳಿಗೊಂದು ಭಾನುವಾರ ಒಂದು ಗಂಟೆ ಈ ಸಭಾಂಗಣವನ್ನು ಮಕ್ಕಳಿಗೆ ಬಿಟ್ಟುಕೊಡಿ. ವೇದಿಕೆ, ಹಾರ, ಶಾಲು ಬೇಡ. ಅವರು ಕನ್ನಡದಲ್ಲಿ ಕೇಳಲಿ, ನಾವು ಸುತ್ತ ಕೂತು ಅವರ ಜೊತೆ ಹುಡುಕೋಣ. ನಿಂಬೆಹಣ್ಣು, ಅರಿಶಿನ, ಆಲೂಗಡ್ಡೆ ನಾನು ತರುತ್ತೇನೆ.

 ಹಿಂದಿನ ಸಾಲಿನಲ್ಲಿ ಒಬ್ಬ ಪುಟ್ಟ ಆಗಲೇ ಕೈ ಎತ್ತಿದ್ದಾನೆ. ಮೊದಲು ಅವನ ಪ್ರಶ್ನೆ ಕೇಳೋಣ.